ಐವತ್ತು ಹರ್ಟ್ಸ್

ಮೊದಲ ಕೆಲಸ ಜಾಲಹಳ್ಳಿಯ ಒಂದು ಶೆಡ್ಡಿನಲ್ಲಿ, ತೊಂಬತ್ತೊಂದನೇ ಇಸವಿ.
ಕಿವಿಗೆ ಹಾಕುವ ಯಂತ್ರದೊಳಗಿನ ಗುಂಯ್ ತೆಗೆಯುವುದು.
ಕೆಇಬಿ ಕರೆಂಟು ಹೋದಲ್ಲೆಲ್ಲ ತನ್ನ ಶ್ರುತಿ ಬಿಟ್ಟುಹೋಗುತ್ತದೆಂದು
ಆಗಲೇ ಗೊತ್ತಾದದ್ದು:
ಐವತ್ತು ಹರ್ಟ್ಸ್,
ಯಾರೂ ಹಾಡಲು ಕೂರದ ತಂಬೂರಿ.

ಹೇಳಿಕೊಟ್ಟವರು ಯೂಸ್ಟೇಸ್ ಸರ್, ಕಾಕ್ಸ್ ಟೌನಿನವರು.
ನಾನು ಬರೆದ ಫಿಲ್ಟರಿನಲ್ಲಿ ಗುಂಯ್ ಸತ್ತಿತ್ತು,
ಜೊತೆಗೆ ಮಾತೂ ಸತ್ತಿತ್ತು.
'ಕಸ ಗುಡಿಸೋ ಭರದಲ್ಲಿ ರಂಗೋಲಿ ಗುಡಿಸ್ಬೇಡಮ್ಮ' ಅಂದರು,
ಹೆಡ್‌ಫೋನ್ ಬಿಚ್ಚಿ, ಅದರ ಸ್ಪಂಜು ತಟ್ಟುತ್ತ.
ನಮ್ಮ ಪರೀಕ್ಷೆಗೆ ಮೂರೇ ಪದ:
ಸಸಿ. ಶಶಿ. ಷಷ್ಠಿ.
ಮೂರೂ ಬೇರೆ ಬೇರೆ ಕೇಳಿಸಿದ ದಿನ
ಬಿಟಿಎಸ್ ಟಿಕೆಟ್ಟಿನ ಹಿಂದೆ ಹದಿನಾರು ಅಂಕಿ ಬರೆದುಕೊಂಡು
ಡಬ್ಬಲ್ ರೋಡಿನವರೆಗೂ ಕೈಯಲ್ಲೇ ಹಿಡಿದಿದ್ದೆ,
ಬೆವರಿಗೆ ಕೊನೆಯ ಎರಡು ಅಳಿಸಿಹೋದವು.
ಪರವಾಗಿಲ್ಲ, ಬಾಯಿಪಾಠ ಇದ್ದವು.
ಈಗಲೂ ಇವೆ.

ಶೆಡ್ಡು ಮುಚ್ಚಿತು. ಸಂಬಳ ಬೆಳ್ಳಂದೂರಿನ ಕಡೆ ಹರಿಯುತ್ತಿತ್ತು,
ನಾನೂ ಹರಿದೆ.
ಅಲ್ಲಿ ಐದು ಯಂತ್ರಗಳ ಪಂಚಾಯ್ತಿ, ಐದು ಊರಲ್ಲಿ.
ಮೂವರು ಹೌದೆಂದರೆ ಹೌದು.
ಮೌನಂ ಸಮ್ಮತಿ ಲಕ್ಷಣಂ ಅಂತ ಮನೆಯಲ್ಲಿ ಕಲಿತದ್ದು
ಅಲ್ಲಿ ನಡೆಯಲಿಲ್ಲ.
ಮಾತಾಡದವನು ಸತ್ತಿರಬಹುದು,
ನಿಧಾನ ಇರಬಹುದು,
ಅವನು ಕೂಗುತ್ತಲೇ ಇದ್ದು
ನಡುವೆ ಯಾರೋ ರಸ್ತೆ ಅಗೆದು
ಕೇಬಲ್ಲು ಕಡಿದಿರಬಹುದು.
ಇಲ್ಲಿ ಕೂತವರಿಗೆ ಮೂರೂ ಒಂದೇ ಥರ ಕೇಳಿಸುತ್ತವೆ.
(ಯೂಸ್ಟೇಸ್ ಸರ್, ಇದಕ್ಕೆ ಫಿಲ್ಟರಿಲ್ಲ.)

ಸೇರಿದ ಹೊಸದರಲ್ಲಿ ವಾಚಿಗೆ ಸೆಲ್ಲು ಹಾಕಿಸಲು
ಅವೆನ್ಯೂ ರಸ್ತೆಯ ಇಲಿಯಾಸ್ ಸಾಹೇಬರ ಅಂಗಡಿಗೆ ಹೋಗಿದ್ದೆ.
ಗೋಡೆ ತುಂಬ ಗಡಿಯಾರ, ಒಂದಕ್ಕೊಂದು ತಾಳೆಯಿಲ್ಲ.
ಇದರಲ್ಲಿ ಸರಿಯಾದ್ದು ಯಾವುದು ಅಂದರೆ
ಅವರು ಕಣ್ಣಿನ ಭೂತಗನ್ನಡಿ ತೆಗೆಯದೆ
'ರಿಪೇರಿಗೆ ಬಂದಿರೋವು ಕಣಮ್ಮ, ಎಲ್ಲಾ' ಅಂದರು.
ಅದನ್ನೇ ಮೂರು ತಿಂಗಳು ಓದಿದೆ, ದಪ್ಪ ದಪ್ಪ ಪ್ರಬಂಧಗಳಲ್ಲಿ:
ಯಾರ ಗಂಟೆಯನ್ನೂ ನಂಬಬೇಡ,
ಯಾವುದರ ಆಮೇಲೆ ಯಾವುದು, ಅಷ್ಟು ಕೇಳು.

ಒಂದು ರಾತ್ರಿ ಮೂರು ಗಂಟೆಗೆ ಫೋನು.
ನಾಯಕ ಯಂತ್ರ ಹನ್ನೊಂದು ಸೆಕೆಂಡು ಉಸಿರೆತ್ತಿಲ್ಲ.
ಉಳಿದ ನಾಲ್ವರು ಕಾದರು, ಕೂಡಿದರು,
ಇನ್ನೊಬ್ಬನಿಗೆ ಪಟ್ಟ ಕಟ್ಟಿದರು.
ಹನ್ನೆರಡನೇ ಸೆಕೆಂಡಿಗೆ ಹಳಬ ಎದ್ದ.
ಪಟ್ಟ ಹೋದದ್ದು ಅವನಿಗೆ ಗೊತ್ತಿಲ್ಲ,
ಬಿಟ್ಟಲ್ಲಿಂದ ಅಪ್ಪಣೆ ಕೊಡತೊಡಗಿದ.
ಯಾರದೋ ಹಾಲಿನ ದುಡ್ಡು ಎರಡು ಸಲ ಕಟ್ಟಾಯಿತು.
ಬೆಳಗಿನ ಆರರವರೆಗೆ ಕೂತು ಸರಿಮಾಡಿದೆ.
ಹೊಸ ನಿಯಮ: ಎದ್ದವನು ಮೊದಲು ಕೇಳಬೇಕು,
ಈಗಲೂ ನಾನೇನಾ?

ನಾನು ಮಾತ್ರ ಕೇಳಲಿಲ್ಲ.
ಮೊಣಕಾಲಿನ ಆಪರೇಷನ್ ಮುಗಿಸಿ, ಆರು ವಾರ ಬಿಟ್ಟು,
ಸೋಮವಾರದ ಮೀಟಿಂಗಿನಲ್ಲಿ ಎಂದಿನ ಕುರ್ಚಿ ಎಳೆದುಕೊಂಡು
ಕೆಲಸ ಹಂಚತೊಡಗಿದೆ.
ಯಾರೂ ಮಾತಾಡಲಿಲ್ಲ.
ಲಿಖಿತ್, ನಾನೇ ಸೇರಿಸಿಕೊಂಡ ಹುಡುಗ,
ಒಳ್ಳೆಯವನು,
ಕಾಫಿ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದ.
ಮೇಲ್ ಬಂದಿತ್ತಂತೆ. ನಾನು ನೋಡಿರಲಿಲ್ಲ.

ಈಚೆಗೆ ಮೀಟಿಂಗುಗಳಲ್ಲಿ ಹುಡುಗಿಯರ ಮಾತು
ತುದಿ ಇಲ್ಲದೆ ಬರುತ್ತದೆ, ಮೊಂಡು ಪೆನ್ಸಿಲ್ಲಿನ ಹಾಗೆ.
ಹಾಗಾಗಿ ಇಂದು ಮಲ್ಲೇಶ್ವರ,
ಗಾಜಿನ ಕಿಟಕಿಯ ಸಣ್ಣ ಡಬ್ಬಿಕೋಣೆ,
ಕಿವಿಗೆ ಹೆಡ್‌ಫೋನು, ಕೈಗೊಂದು ಗುಂಡಿ:
ಕೇಳಿಸಿದಾಗ ಒತ್ತಿ ಮೇಡಂ, ಅಷ್ಟೆ.
ಕಾಗದದ ಗೆರೆ ನಾಲ್ಕು ಸಾವಿರ ಹರ್ಟ್ಸಿನ ಹತ್ತಿರ
ಮೆಟ್ಟಿಲು ತಪ್ಪಿದವರಂತೆ ಬೀಳುವುದನ್ನು ನಾನು ಬಲ್ಲೆ;
ಅಂಥ ಗೆರೆ ಎಷ್ಟು ಬರೆದಿಲ್ಲ.
ಆಮೇಲೆ ಪದಗಳು.
ಸಸಿ, ಅಂದಿತು ಯಂತ್ರ. ಸಸಿ ಅಂದೆ.
ಸಸಿ, ಅಂದಿತು. ಸಸಿ ಅಂದೆ.
ಆ ಹುಡುಗಿ ಏನೋ ಗುರುತು ಹಾಕಿದಳು.

ಮತ್ತೆ ಸದ್ದುಗಳು. ಮತ್ತೆ ಗುಂಡಿ.
ಎಷ್ಟು ಹೊತ್ತಾಯಿತೋ, ಏನೂ ಇಲ್ಲ.
ಕಳಿಸಿಲ್ಲವೋ, ಕಳಿಸಿದ್ದು ತಲುಪಿಲ್ಲವೋ.
ಅತಿ ಕೆಳಗೆ, ನನ್ನ ತಲೆಯ ಬುಡದಲ್ಲಿ,
ಹಳೆಯದೊಂದು ಗುಂಯ್.
ಒತ್ತಿದೆ.

ಗಾಜಿನಾಚೆ ಅವಳು ತಲೆ ಎತ್ತಿದಳು:
ಮೇಡಂ, ಈಗ ನಾನೇನೂ ಕಳಿಸ್ಲಿಲ್ಲ.